ಆನೆಗೆ ರಾತ್ರಿ ಬಿಟ್ಟುಕೊಟ್ಟಿದ್ದೇವೆ, ಶಾಲೆ ಮಕ್ಕಳಿಗೆ ಬೆಳಗ್ಗೆ ಎರಡು ಗಂಟೆ ಬಿಡೋಕಾಗಲ್ವಾ?

ಬೆಳಗ್ಗೆ ಎಂಟು ಗಂಟೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಒಂದು ಊರಿನ ಹಾಲಿನ ಡೈರಿ ಮುಂದೆ ನಿಂತಿದ್ದೆವು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅದು ಆ ಒಂದು ಊರಿನ ತಕರಾರು ಅಂತ ಫೈಲಿಗೆ ಸೇರಿಬಿಡುತ್ತದೆ. ಕ್ವಾರಿ ಇರುವ, ಕ್ರಷರ್ ಇರುವ, ಹೈವೇ ಕೆಲಸ ನಡೆಯುತ್ತಿರುವ, ಹೊಸ ಲೇಔಟ್ ಏಳುತ್ತಿರುವ ಎಲ್ಲಾ ಊರುಗಳ ಕತೆ ಇದು. ಓದುತ್ತಾ ನಿಮ್ಮ ಊರಿನ ಹೆಸರನ್ನು ನೀವೇ ಸೇರಿಸಿಕೊಳ್ಳಿ.

ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬರ ಜೊತೆ ಅಂಗನವಾಡಿಗೆ ಹೋಗುವ ಮೊಮ್ಮಗ ಇದ್ದ. ಊರ ಬಾಗಿಲ ಕಡೆಯಿಂದ ಟಿಪ್ಪರ್ ಗೇರ್ ಬದಲಿಸಿದ ಸದ್ದು ಕೇಳಿತು. ಅಜ್ಜಿ ಏನೂ ಹೇಳಲಿಲ್ಲ. ಹುಡುಗ ತಾನಾಗಿಯೇ ಕೈ ಬಿಡಿಸಿಕೊಂಡು ಪಕ್ಕದ ಮನೆ ಗೋಡೆಗೆ ಬೆನ್ನು ಕೊಟ್ಟ. ಎರಡೂ ಅಂಗೈ ಗೋಡೆಗೆ ಒತ್ತಿ, ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ನಿಂತ. ಟಿಪ್ಪರ್ ಹೋಯಿತು. ಧೂಳು ಸ್ವಲ್ಪ ಇಳಿದ ಮೇಲೆ ಹಿಡಿದಿದ್ದ ಉಸಿರು ಬಿಟ್ಟ.

"ಯಾರು ಹೇಳ್ಕೊಟ್ರಜ್ಜಿ ಇವನಿಗೆ?" ಅಂತ ಕೇಳಿದೆವು.

"ಯಾರು ಹೇಳ್ಕೊಡ್ತಾರಪ್ಪ. ಇವನಿಗೆ ಅ ಆ ಇ ಈ ಬರೋಕೆ ಮುಂಚೆ ಇದು ಬಂತು" ಅಂದರು.

ನಾಲ್ಕು ವರ್ಷದ ಮಗು ತನ್ನ ಊರಿನ ಬೀದಿಯಲ್ಲಿ ನಡೆಯೋದಕ್ಕೆ ಇದನ್ನು ಕಲಿಯಬೇಕಾ? ಟಿಪ್ಪರ್ ಯಾವ ರಸ್ತೆಯಲ್ಲಿ ಹೋಗಬೇಕು, ಯಾವ ಹೊತ್ತಿನಲ್ಲಿ ಹೋಗಬೇಕು, ಎಷ್ಟು ಭಾರ ಹೊರಬೇಕು ಅಂತ ತೀರ್ಮಾನ ಮಾಡುವ ಅಧಿಕಾರ ಕಾನೂನಿನಲ್ಲಿದೆ. ಆ ಅಧಿಕಾರ ಇರುವವರು ನಮ್ಮ ಹಳ್ಳಿಗಳಿಗೆ ಅದನ್ನು ಬಳಸುತ್ತಿಲ್ಲ. ಬಳಸಿ ಅಂತ ನಾವೂ ಸರಿಯಾಗಿ ಕೇಳಿಲ್ಲ. ಈ ಎರಡು ಮಾತು ಹೇಳೋದಕ್ಕೇ ಇವತ್ತಿನ ಬರಹ.

ಟೇಪು ಹಿಡಿದು ನೋಡಿದೆವು

ಊರಿನ ಹುಡುಗರ ಜೊತೆ ಸೇರಿ ಬೀದಿ ಅಳೆದೆವು. ಇದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ. 2000ನೇ ಇಸವಿಯಲ್ಲಿ ಶುರುವಾದ ಆ ಯೋಜನೆಯಲ್ಲಿ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ವಾಹನ ಕಡಿಮೆ ಇರುವ ಕಡೆ 3 ಮೀಟರ್. ಟ್ರ್ಯಾಕ್ಟರು, ಬಸ್ಸು, ಹಾಲಿನ ವ್ಯಾನು, ದಿನಕ್ಕೆ ನಾಲ್ಕಾರು ಲಾರಿ ಓಡಾಡಲಿ ಅಂತ ಮಾಡಿದ ಲೆಕ್ಕ ಅದು.

ಲಾರಿಯ ಅಗಲ 2.6 ಮೀಟರ್‌ವರೆಗೆ ಇರಬಹುದು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 3.75ರಲ್ಲಿ 2.6 ಕಳೆಯಿರಿ. ಉಳಿಯೋದು 1.15 ಮೀಟರ್. ಟಿಪ್ಪರ್ ನಟ್ಟನಡುವೆ ಹೋದರೆ ಆಚೆ ಈಚೆ ಐವತ್ತೇಳು ಸೆಂಟಿಮೀಟರ್. ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲೇ ಟಿಪ್ಪರ್‌ನ ಕನ್ನಡಿ ಹೊರಗೆ ಚಾಚಿಕೊಂಡಿರುತ್ತದೆ. ಡಾಂಬರು ಮುಗಿದ ಕಡೆಯೇ ಚರಂಡಿ, ಕರೆಂಟ್ ಕಂಬ, ಮನೆ ಜಗಲಿ. ಸೊಪ್ಪಿನ ಹೊರೆ ಹೊತ್ತ ಹೆಂಗಸು ಎಲ್ಲಿ ನಿಲ್ಲಬೇಕು? ಸೈಕಲ್ ಹುಡುಗಿ ಎಲ್ಲಿಗೆ ಸರಿಯಬೇಕು?

ಎದುರಿಗೆ ಇನ್ನೊಂದು ಟಿಪ್ಪರ್ ಬಂದರೆ ಇಬ್ಬರಿಗೂ ಸೇರಿ 5.2 ಮೀಟರ್ ಬೇಕು. ರಸ್ತೆ ಇರೋದೇ 3.75. ಆಗ ಒಂದು ಗಾಡಿಯ ಚಕ್ರ ಮಣ್ಣಿಗೆ ಇಳಿಯುತ್ತದೆ. ಚರಂಡಿಯ ಚಪ್ಪಡಿ ಒಡೆಯುತ್ತದೆ. ಕೆಳಗಿರುವ ನಲ್ಲಿ ನೀರಿನ ಪೈಪು ಒಡೆಯುತ್ತದೆ. ಆ ಪೈಪು ಸರಿ ಮಾಡಿಸೋದಕ್ಕೆ ವಾಟರ್‌ಮನ್‌ನ ಬೈಯ್ಯುತ್ತೇವೆ. ಪೈಪ್ ಮೇಲೆ ಹತ್ತಿದ ಚಕ್ರದ ಮಾಲೀಕರನ್ನು ಯಾರೂ ಕೇಳೋದಿಲ್ಲ.

ಇನ್ನು ಭಾರ. ಹತ್ತು ಚಕ್ರದ ಲಾರಿ ಮಾಲು ಸೇರಿ 25 ಟನ್ ಮೀರಬಾರದು ಅಂತ ಇತ್ತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು 28.5 ಟನ್‌ಗೆ ಏರಿಸಿತು. ಲಾರಿಯ ಭಾರ ಏರಿತು ಅಂತ ಹಳ್ಳಿಯ ರಸ್ತೆ ತಾನಾಗಿ ದಪ್ಪ ಆಗಲಿಲ್ಲ. ಇದು ಕಾನೂನಿನ ಒಳಗಿನ ಭಾರ. ಬಾಡಿಗೆ ಮೇಲೊಂದು ಹಲಗೆ ಏರಿಸಿ, ಗೋಪುರದಂತೆ ಜಲ್ಲಿ ತುಂಬಿಕೊಂಡು ಬರುವ ಗಾಡಿಯ ಲೆಕ್ಕ ಬೇರೆ.

ರಸ್ತೆ ಎಂಜಿನಿಯರುಗಳಿಗೆಲ್ಲ ಗೊತ್ತಿರುವ ಒಂದು ಲೆಕ್ಕ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಅದರ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನು ಓಡಿಸಿ ನೋಡಿದರು. ಅದರಿಂದ ತಿಳಿದದ್ದು ಇಷ್ಟು: ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಭಾರ ಕಾಲು ಭಾಗಕ್ಕಿಂತ ಕಡಿಮೆ, ಅಂದರೆ ಶೇ 20ರಷ್ಟು ಹೆಚ್ಚಾದರೂ ಪೆಟ್ಟು ಎರಡು ಪಟ್ಟಾಗುತ್ತದೆ. ಒಂದೂವರೆ ಪಟ್ಟು ಭಾರ ಹಾಕಿದರೆ ಐದು ಪಟ್ಟು.

"ಡಾಂಬರು ಹಾಕಿ ಎರಡು ಮಳೆಗಾಲ ಆಗಿಲ್ಲ, ಕಿತ್ತು ಬಂತು, ಕಂಟ್ರಾಕ್ಟರ್ ಕಳ್ಳ" ಅಂತ ನಾವು ಬೈಯ್ಯುತ್ತೇವೆ. ಕಂಟ್ರಾಕ್ಟರ್ ಕಳ್ಳನೂ ಇರಬಹುದು. ಆದರೆ ನಿಯತ್ತಿನಿಂದ ಹಾಕಿದ ರಸ್ತೆಯೂ ಓವರ್‌ಲೋಡ್ ಟಿಪ್ಪರ್ ಕೆಳಗೆ ಉಳಿಯೋದಿಲ್ಲ. ಯಾರದ್ದೋ ಒಂದು ಟ್ರಿಪ್ ಉಳಿತಾಯಕ್ಕೆ ಇಡೀ ಊರು ಗುಂಡಿಯಲ್ಲಿ ಬೀಳುತ್ತದೆ.

ಸೊಪ್ಪಿನ ಮೇಲಿನ ಧೂಳು

ನಮ್ಮ ಕಡೆ ಹಿಪ್ಪುನೇರಳೆ ಬೆಳೆಯುವ ಊರುಗಳು ಬಹಳ. ರಸ್ತೆ ಪಕ್ಕದ ತೋಟದ ಸೊಪ್ಪನ್ನು ಕೈಯಲ್ಲಿ ಹಿಡಿದು ನೋಡಿ. ಹಸಿರು ಕಾಣುವುದಿಲ್ಲ, ಬೂದಿ ಬಳಿದ ಹಾಗಿರುತ್ತದೆ. ಹುಳು ಅದನ್ನು ಸರಿಯಾಗಿ ತಿನ್ನುವುದಿಲ್ಲ. ತೊಳೆದು ಕೊಡೋಣ ಅಂದರೆ ಒದ್ದೆ ಸೊಪ್ಪು ತಿಂದ ಹುಳುವಿಗೆ ಸಪ್ಪೆ ರೋಗದ ಭಯ. ತೊಳೆದು, ಹರಡಿ, ಒಣಗಿಸಿ ಹಾಕೋದಕ್ಕೆ ಕೂಲಿ ಎಲ್ಲಿದೆ? ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು, ಅದು ಕಾಯೋದಿಲ್ಲ.

ಒಂದು ಬೆಳೆ ಹೋದರೆ ಆ ಮನೆಯ ಒಂದು ತಿಂಗಳ ದುಡಿಮೆ ಹೋಯಿತು. ಇದು ಯಾವ ಅಪಘಾತದ ಲೆಕ್ಕದಲ್ಲೂ ಬರುವುದಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಕೊಡೋಕೂ ಆಗುವುದಿಲ್ಲ. ಟಾರ್ಪಾಲು ಮುಚ್ಚಿಕೊಂಡು ಬಂದಿದ್ದರೆ, ಮಣ್ಣು ರಸ್ತೆಗೆ ನೀರು ಹಾಕಿದ್ದರೆ ಈ ನಷ್ಟದ ದೊಡ್ಡ ಪಾಲು ಉಳಿಯುತ್ತಿತ್ತು. ಕ್ವಾರಿಗೆ ಕೊಡುವ ಪರಿಸರ ಅನುಮತಿಯ ಷರತ್ತುಗಳಲ್ಲಿ ಧೂಳಿನ ಬಗ್ಗೆ, ಮುಚ್ಚಿ ಸಾಗಿಸುವ ಬಗ್ಗೆ ಬರೆದೇ ಇರುತ್ತಾರೆ. ಆ ಹಾಳೆಯನ್ನು ಊರಿನವರು ಯಾರೂ ನೋಡಿರುವುದಿಲ್ಲ.

ಧೂಳು ಸೊಪ್ಪಿನ ಮೇಲೆ ಮಾತ್ರ ಕೂರುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಕಲ್ಲಿನ ಸಣ್ಣ ಪುಡಿ ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಕ್ರಷರ್‌ಗಳಲ್ಲಿ ದುಡಿದವರಿಗೆ ಸಿಲಿಕೋಸಿಸ್ ಬರೋದು ಅದರಿಂದಲೇ.

"ಅಭಿವೃದ್ಧಿ ಬೇಡವೇನ್ರೀ?"

ಈ ಪ್ರಶ್ನೆ ಕೇಳದ ಅಧಿಕಾರಿ ಇಲ್ಲ, ಕೇಳದ ಮುಖಂಡ ಇಲ್ಲ. ಉತ್ತರ ಹೇಳುತ್ತೇವೆ ಕೇಳಿ. ಬೇಕು. ನಮಗೂ ಮನೆ ಕಟ್ಟಲು ಜಲ್ಲಿ ಬೇಕು, ಎಂ ಸ್ಯಾಂಡ್ ಬೇಕು. ಊರ ಶಾಲೆಯ ಕೊಠಡಿ ಎದ್ದಿರುವುದೂ ಅದರಿಂದಲೇ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ಮೇಲೆ ಹಾದು ಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಕಡೆಯ ಕಲ್ಲು ಮಣ್ಣು ತಿಂದೇ ಎದ್ದಿದೆ. ಬೆಂಗಳೂರಿನ ಎಷ್ಟು ಅಪಾರ್ಟ್‌ಮೆಂಟಿನ ಗೋಡೆಯಲ್ಲಿ ನಮ್ಮ ಬೆಟ್ಟಗಳಿವೆಯೋ.

ಕ್ರಷರ್ ಮುಚ್ಚಿ ಅಂತ ನಾವು ಇಲ್ಲಿ ಕೇಳುತ್ತಿಲ್ಲ. ಟಿಪ್ಪರ್ ನಿಲ್ಲಿಸಿ ಅಂತಲೂ ಕೇಳುತ್ತಿಲ್ಲ. ನಮ್ಮ ಅಣ್ಣತಮ್ಮಂದಿರೇ ಸಾಲ ಮಾಡಿ ಟಿಪ್ಪರ್ ತೆಗೆದಿದ್ದಾರೆ, ನಮ್ಮ ಮನೆ ಹುಡುಗರೇ ಸ್ಟೇರಿಂಗ್ ಹಿಡಿದಿದ್ದಾರೆ. ಕೇಳುತ್ತಿರುವುದು ಇಷ್ಟೇ: ಮಕ್ಕಳು ಬೀದಿಯಲ್ಲಿರುವ ಹೊತ್ತಿನಲ್ಲಿ ಬರಬೇಡಿ, ಊರ ಒಳಗೆ ನಿಧಾನ ಬನ್ನಿ, ಮುಚ್ಚಿಕೊಂಡು ಬನ್ನಿ, ಅಳತೆಯಷ್ಟೇ ಹೊತ್ತು ಬನ್ನಿ, ಆದಲ್ಲಿ ಊರ ಹೊರಗಿನ ದಾರಿಯಲ್ಲಿ ಹೋಗಿ. ಇಷ್ಟಕ್ಕೆ ನಿಂತುಹೋಗುವ ಅಭಿವೃದ್ಧಿ ಎಂಥದು ಸ್ವಾಮಿ?

ಬೆಂಗಳೂರಿನಲ್ಲಿ ಬೆಳಗ್ಗೆ, ಸಂಜೆ ದಟ್ಟಣೆಯ ಹೊತ್ತಿನಲ್ಲಿ ಭಾರೀ ಲಾರಿಗಳು ನಗರದೊಳಗೆ ಬರುವ ಹಾಗಿಲ್ಲ. ಅಲ್ಲಿ ಟಿಪ್ಪರ್‌ಗಳು ಹೊತ್ತು ನೋಡಿಕೊಂಡೇ ಹೋಗುತ್ತವೆ. ಅದರಿಂದ ಬೆಂಗಳೂರಿನ ಕಟ್ಟಡಗಳೇನೂ ನಿಂತಿಲ್ಲ. ಅದೇ ಟಿಪ್ಪರ್, ಅದೇ ಡ್ರೈವರ್, ಅದೇ ಜಲ್ಲಿ. ಹೊರಡುವಾಗ ಸಿಗುವ ನಮ್ಮ ಊರಿಗೆ ಹೊತ್ತು ಗೊತ್ತಿಲ್ಲ, ತಲುಪುವ ಊರಿಗೆ ಮಾತ್ರ ಇದೆ. ನಗರದ ಜನರ ಆಫೀಸು ತಡವಾಗಬಾರದು ಅನ್ನುವುದಕ್ಕೆ ಸಿಕ್ಕ ಬೆಲೆ ನಮ್ಮ ಮಕ್ಕಳು ಶಾಲೆಗೆ ಜೀವಂತ ತಲುಪಬೇಕು ಅನ್ನುವುದಕ್ಕೆ ಸಿಕ್ಕಿಲ್ಲ.

"ಡ್ರೈವರ್‌ಗಳೇ ಸರಿ ಇಲ್ಲ"

ಇದು ಎರಡನೇ ಮಾತು. ಕುಡಿದು ಓಡಿಸುತ್ತಾರೆ, ಫೋನ್ ಹಿಡಿದು ಓಡಿಸುತ್ತಾರೆ ಅಂತ. ಅಂಥವರನ್ನು ಹಿಡಿಯಲಿ, ಬೇಡ ಅನ್ನುವುದಿಲ್ಲ. ಆದರೆ ಟೀ ಅಂಗಡಿಯಲ್ಲಿ ಡ್ರೈವರ್‌ಗಳ ಜೊತೆ ಕೂತು ಮಾತಾಡಿ. ಟ್ರಿಪ್ ಲೆಕ್ಕದಲ್ಲಿ ದುಡ್ಡು. ಕ್ರಷರ್‌ನಲ್ಲಿ ಕ್ಯೂ. ಬೆಂಗಳೂರಿನ ಗೇಟು ಮುಚ್ಚುವ ಹೊತ್ತಿಗೆ ಮುಂಚೆ ಒಳಗೆ ಹೋಗಬೇಕು. ಕ್ಯೂನಲ್ಲಿ ಕಳೆದ ಹೊತ್ತನ್ನು ಎಲ್ಲಿ ವಸೂಲು ಮಾಡಬೇಕು? ಹೈವೇಯಲ್ಲಿ ಕ್ಯಾಮೆರಾ ಇದೆ. ಉಳಿದದ್ದು ನಮ್ಮ ಬೀದಿ.

"ನಿಧಾನ ಹೋದ್ರೆ ಓನರ್ ಬೈತಾರೆ, ಜೋರಾಗಿ ಹೋದ್ರೆ ಊರವ್ರು ಹೊಡೀತಾರೆ, ನಮ್ದು ಯಾರ್ ಕೇಳ್ತಾರಣ್ಣ?" ಅಂತ ಇಪ್ಪತ್ತೈದು ದಾಟದ ಒಬ್ಬ ಡ್ರೈವರ್ ನಮ್ಮನ್ನೇ ಕೇಳಿದ. ಉತ್ತರ ಹೇಳಲು ಆಗಲಿಲ್ಲ.

ಸರ್ಕಾರಕ್ಕೆ ಹೊಳೆಯುವುದೂ ಡ್ರೈವರ್‌ಗೆ ಶಿಕ್ಷೆ ಹೆಚ್ಚಿಸುವ ದಾರಿ ಒಂದೇ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಗುದ್ದಿ ಸಾಯಿಸಿ ಹೇಳದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಅಂತ ಬರೆದರು. 2024ರ ಜನವರಿಯಲ್ಲಿ ದೇಶದ ಎಷ್ಟೋ ಕಡೆ ಲಾರಿ ಚಾಲಕರು ಮುಷ್ಕರ ಹೂಡಿದರು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಂ ಮಾತ್ರ ತಡೆದಿಟ್ಟರು. ಈ ಗಲಾಟೆಯಲ್ಲಿ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ: ಮೂರು ಮುಕ್ಕಾಲು ಮೀಟರ್ ರಸ್ತೆಗೆ, ಶಾಲೆ ಬಿಡುವ ಹೊತ್ತಿಗೆ, ಅಷ್ಟು ಟನ್ ಗಾಡಿಯನ್ನು ಕಳಿಸಿದವರು ಯಾರು? ಕಳಿಸಿದವರು ಡ್ರೈವರ್ ಸೀಟಿನಲ್ಲಿ ಕೂತಿರುವುದಿಲ್ಲ.

ಗುದ್ದಿದ ಗಾಡಿ ಯಾವುದು ಅಂತ ಗೊತ್ತಾಗದಿದ್ದರೆ ಸತ್ತವರ ಮನೆಗೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದರೆ 50 ಸಾವಿರ ಕೊಡುವ ಕೇಂದ್ರದ ಯೋಜನೆ 2022ರ ಏಪ್ರಿಲ್‌ನಿಂದ ಇದೆ. ಎಷ್ಟೋ ಮನೆಯವರಿಗೆ ಅದೂ ಗೊತ್ತಿಲ್ಲ, ಅದಕ್ಕೇ ಹೇಳಿದೆವು. ಆದರೆ ಜೀವ ಹೋದ ಮೇಲೆ ಕೊಡುವ ದುಡ್ಡಿಗಿಂತ ಮುಂಚೆ ಹಾಕುವ ಒಂದು ಬೋರ್ಡು ಅಗ್ಗ.

ವೇಗದ ಲೆಕ್ಕವನ್ನೂ ನೋಡಿಬಿಡಿ. ಗಂಟೆಗೆ 40 ಕಿಲೋಮೀಟರ್ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ 11 ಮೀಟರ್ ಮುಂದೆ ಹೋಗಿರುತ್ತದೆ. ಡ್ರೈವರ್ ಮಗುವನ್ನು ನೋಡಿ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ ಆ 11 ಮೀಟರ್ ಮುಗಿದಿರುತ್ತದೆ, ಬ್ರೇಕ್ ಹಿಡಿಯುವುದು ಆಮೇಲೆ. 20ರಲ್ಲಿ ಹೋದರೆ ಅದು ಐದೂವರೆ ಮೀಟರ್. ನಮ್ಮ ಬೀದಿಯ ಎರಡು ಮನೆ ಬಾಗಿಲ ನಡುವಿನ ದೂರ ಅಷ್ಟೇ.

"ನಮ್ಮ ಕೈಯಲ್ಲಿ ಏನಿದೆ?"

ಇದು ಮೂರನೇ ಮಾತು, ಎಲ್ಲಕ್ಕಿಂತ ದೊಡ್ಡ ಸುಳ್ಳು. ಪಂಚಾಯ್ತಿಗೆ ಹೋದರೆ ಪೊಲೀಸರನ್ನು ಕೇಳಿ ಅನ್ನುತ್ತಾರೆ. ಪೊಲೀಸರು ಆರ್‌ಟಿಒ ಅನ್ನುತ್ತಾರೆ. ಆರ್‌ಟಿಒ ಕಚೇರಿಯಲ್ಲಿ ಗಣಿ ಇಲಾಖೆ ಅನ್ನುತ್ತಾರೆ. ಗಣಿ ಇಲಾಖೆಯವರು ರಸ್ತೆ ನಮ್ಮದಲ್ಲ ಅನ್ನುತ್ತಾರೆ. ಹೀಗೆ ಒಂದು ಸುತ್ತು ಹೊಡೆದು ಬಂದವನಿಗೆ ಅಧಿಕಾರ ಯಾರ ಹತ್ತಿರವೂ ಇಲ್ಲ ಅನ್ನಿಸಿಬಿಡುತ್ತದೆ.

ಇದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 115. ಜನರ ಸುರಕ್ಷತೆಗೆ ಅಥವಾ ಅನುಕೂಲಕ್ಕೆ ಬೇಕು ಅನ್ನಿಸಿದರೆ, ಇಲ್ಲವೇ ರಸ್ತೆ ಅಥವಾ ಸೇತುವೆಯ ಸ್ಥಿತಿ ಹಾಗಿದ್ದರೆ, ಯಾವುದೇ ಬಗೆಯ ವಾಹನವನ್ನು ಒಂದು ಪ್ರದೇಶದಲ್ಲಿ ಅಥವಾ ಒಂದು ರಸ್ತೆಯಲ್ಲಿ ನಿಷೇಧಿಸಬಹುದು, ಷರತ್ತು ಹಾಕಬಹುದು ಅಂತ ಅದು ಹೇಳುತ್ತದೆ. ಅದರ ಜೊತೆ ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221ಎ(5). ಈ ಎರಡನ್ನೂ ಸೇರಿಸಿ ಆದೇಶ ಮಾಡುವವರು ಜಿಲ್ಲಾಧಿಕಾರಿ. ಈ ಎರಡು ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಇದು ಕಾಗದದ ಮೇಲೆ ಮಲಗಿರುವ ಅಧಿಕಾರವಲ್ಲ. ಬಂಡೀಪುರ ಕಾಡಿನ ನಡುವೆ ಹಾದು ಹೋಗುವ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವುದು ನಿಮಗೆ ಗೊತ್ತು. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆದೇಶದಿಂದ ಶುರುವಾದದ್ದು ಅದು. ಎರಡು ರಾಜ್ಯಗಳ ನಡುವಿನ ರಾಷ್ಟ್ರೀಯ ಹೆದ್ದಾರಿ. ಕೇರಳ ವಿರೋಧಿಸಿತು, ವ್ಯಾಪಾರಿಗಳು ವಿರೋಧಿಸಿದರು. ಮರುವರ್ಷ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆನೆ, ಹುಲಿ, ಜಿಂಕೆ ಲಾರಿಗೆ ಸಿಕ್ಕಿ ಸಾಯಬಾರದು ಅಂತ ಒಂಬತ್ತು ಗಂಟೆ ಬಿಟ್ಟುಕೊಟ್ಟರು. ಒಳ್ಳೆಯದೇ ಮಾಡಿದರು. ಅದನ್ನು ನಾವು ಬೆಂಬಲಿಸಿ ಬರೆದಿದ್ದೇವೆ.

ಕೊಡಗಿನಲ್ಲಿ ಮಳೆಗಾಲ ಬಂತೆಂದರೆ ಮರ, ಮರಳು ಸಾಗಿಸುವ ಭಾರೀ ಲಾರಿಗಳಿಗೆ ಜಿಲ್ಲಾಧಿಕಾರಿ ನಿಷೇಧ ಹೇರುತ್ತಾರೆ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಭಾರೀ ವಾಹನ ತಡೆಯುತ್ತಾರೆ. ರಸ್ತೆ ಕುಸಿಯಬಾರದು ಅಂತ. ಕಾಡುಪ್ರಾಣಿಗೆ ಆಗುತ್ತದೆ, ಘಾಟಿಯ ತಡೆಗೋಡೆಗೆ ಆಗುತ್ತದೆ, ನಗರದ ಟ್ರಾಫಿಕ್‌ಗೆ ಆಗುತ್ತದೆ. ಹಳ್ಳಿಯ ಶಾಲೆ ಬೀದಿಗೆ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೇಳಿದರೆ ಮಾತ್ರ "ಕಾನೂನಿನಲ್ಲಿ ಅವಕಾಶ ಇಲ್ಲ".

ಇನ್ನೊಂದು ಮಾತು. ನಿಷೇಧ ಒಂದು ತಿಂಗಳಿಗಿಂತ ಹೆಚ್ಚಿಲ್ಲದಿದ್ದರೆ ಗೆಜೆಟ್‌ನಲ್ಲಿ ಪ್ರಕಟಿಸುವ ಅಗತ್ಯವೂ ಇಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು ಅಂತ ಅದೇ ಕಲಂ 115 ಹೇಳುತ್ತದೆ. ಹಾಗಾಗಿ ಒಂದು ತಿಂಗಳು ಮಾಡಿ ನೋಡಿ ಅಂತ ಕೇಳಬಹುದು. ಮಾಡಿ ನೋಡೋದಕ್ಕೂ ಏನು ಅಡ್ಡಿ?

ಓವರ್‌ಲೋಡ್‌ಗೂ ಕಾನೂನು ಹಲ್ಲಿಲ್ಲದ್ದಲ್ಲ. ಕಲಂ 194ರ ಪ್ರಕಾರ ಮಿತಿ ಮೀರಿದರೆ 20 ಸಾವಿರ ರೂಪಾಯಿ ದಂಡ, ಮೇಲಿನ ಪ್ರತಿ ಟನ್‌ಗೆ ಇನ್ನೂ 2 ಸಾವಿರ. ಐದು ಟನ್ ಹೆಚ್ಚು ಹೊತ್ತ ಗಾಡಿಗೆ 30 ಸಾವಿರ ಆಯಿತು. ಹೆಚ್ಚುವರಿ ಮಾಲು ಇಳಿಸದೆ ಗಾಡಿ ಮುಂದೆ ಬಿಡುವ ಹಾಗಿಲ್ಲ. ಹೀಗೆ ರಸ್ತೆ ಪಕ್ಕ ಜಲ್ಲಿ ಇಳಿಸಿದ ಟಿಪ್ಪರನ್ನು ನೀವು ಕೊನೆಯ ಬಾರಿ ನೋಡಿದ್ದು ಯಾವಾಗ?

ನಮ್ಮ ಪಾಲೂ ಇದೆ

ಬೇರೆಯವರನ್ನು ಬೈದದ್ದಾಯಿತು. ಇನ್ನು ನಮ್ಮ ಕಡೆ ತಿರುಗೋಣ.

ಜಾತ್ರೆಗೆ ಆರ್ಕೆಸ್ಟ್ರಾ ಯಾರು ಕೊಟ್ಟರು? ಗುಡಿ ಪ್ರಾಕಾರಕ್ಕೆ ಹತ್ತು ಲೋಡು ಜಲ್ಲಿ ಪುಕ್ಕಟೆ ಯಾರು ಹಾಕಿಸಿದರು? ಗಣೇಶನ ಹಬ್ಬದ ಚೀಟಿಯಲ್ಲಿ ಎಲ್ಲರಿಗಿಂತ ಮೇಲೆ ಯಾರ ಹೆಸರಿದೆ? ಅದನ್ನು ಇಸಿದುಕೊಂಡ ಮೇಲೆ ಟಿಪ್ಪರ್ ಮುಂದೆ ನಿಲ್ಲುವ ನಾಲಿಗೆ ನಮಗೆ ಎಲ್ಲಿಂದ ಬರಬೇಕು? ದೇವರ ಹೆಸರಿನಲ್ಲಿ ಬಂದ ಹತ್ತು ಲೋಡಿಗೆ ಊರಿನ ರಸ್ತೆಯನ್ನೇ ಬರೆದುಕೊಟ್ಟ ಊರುಗಳನ್ನು ನಾವು ನೋಡಿದ್ದೇವೆ.

ಅಪಘಾತವಾದ ದಿನ ಟೈರಿಗೆ ಬೆಂಕಿ ಹಾಕುತ್ತೇವೆ, ರಸ್ತೆಗೆ ಅಡ್ಡ ಕೂರುತ್ತೇವೆ. ತಹಶೀಲ್ದಾರರು ಬರುತ್ತಾರೆ, ಭರವಸೆ ಕೊಡುತ್ತಾರೆ. ಮಧ್ಯಾಹ್ನಕ್ಕೆ ಎದ್ದು ಬರುತ್ತೇವೆ. ಒಂದು ಹಾಳೆಯಲ್ಲೂ ಏನನ್ನೂ ಬರೆಸಿಕೊಂಡಿರುವುದಿಲ್ಲ. ಮೂರನೇ ದಿನ ಊರವರೇ ಸೇರಿ ಒಂದು ಹಂಪ್ ಹಾಕುತ್ತಾರೆ. ಅಳತೆ ಇಲ್ಲದ, ಬಣ್ಣ ಇಲ್ಲದ, ಬೋರ್ಡಿಲ್ಲದ ಹಂಪ್. ಟಿಪ್ಪರ್‌ಗೆ ಅದು ಲೆಕ್ಕಕ್ಕಿಲ್ಲ. ರಾತ್ರಿ ಬೈಕಿನಲ್ಲಿ ಹಿಂದೆ ಕೂತು ಬರುವ ಹೆಂಗಸು ಬಿದ್ದು ತಲೆ ಒಡೆದುಕೊಳ್ಳುತ್ತಾಳೆ.

ಇನ್ನು ನಾವು, ಪತ್ರಿಕೆಯವರು. "ಟಿಪ್ಪರ್ ಡಿಕ್ಕಿ: ಬಾಲಕ ಸಾವು." ಒಂದು ಕಾಲಂ, ನಾಲ್ಕು ಸಾಲು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಎಷ್ಟು ಬಾರಿ ಕಳಿಸಿದ್ದೇವೆ ಅಂತ ನಮಗೇ ನೆನಪಿಲ್ಲ. ರಸ್ತೆಯ ಅಗಲ ಎಷ್ಟಿತ್ತು, ಗಾಡಿಯಲ್ಲಿ ಎಷ್ಟು ಟನ್ ಇತ್ತು, ಹೊತ್ತು ಯಾವುದು, ಪರ್ಮಿಟ್ ಎಲ್ಲಿಂದ ಎಲ್ಲಿಗೆ ಇತ್ತು ಅಂತ ಒಮ್ಮೆಯೂ ಕೇಳಿ ಬರೆಯಲಿಲ್ಲ. ಡಿಪ್ಲೊಮಾದಲ್ಲಿ ಐದು 'ಡಬ್ಲ್ಯೂ' ಒಂದು 'ಎಚ್' ಅಂತ ಕಲಿತವರು ನಾವು. 'ಯಾಕೆ' ಅನ್ನುವುದನ್ನು ಮಾತ್ರ ಪ್ರತಿ ಸಲ ಬಿಟ್ಟೆವು. ಲೈನ್ ಲೆಕ್ಕದಲ್ಲಿ ಸಂಬಳ, ಜೊತೆಗೆ ವಿಶೇಷ ಸಂಚಿಕೆಗೆ ಜಾಹೀರಾತು ತರಬೇಕು. ಜಾಹೀರಾತು ಕೊಡುವವರು ಯಾರು ಅಂತ ಬಿಡಿಸಿ ಹೇಳಬೇಕಾ?

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಒಟ್ಟು ಸಾವಿನಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಗ್ರಾಮೀಣ ಪ್ರದೇಶದಲ್ಲಿ. ಇಷ್ಟೂ ಸಾವಿಗೆ ವಿಧಿ ಅಂತ ಹೆಸರಿಟ್ಟು ಕೂತರೆ ಆಗುತ್ತದಾ?

ಗಾಡಿಯಲ್ಲಿ ಏನಿದೆ ಅಂತ ಕೇಳುವ ಹಕ್ಕೂ ನಮಗಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು. ಸದ್ದು ಪಕ್ಕದ ಜಿಲ್ಲೆಗಳವರೆಗೂ ಕೇಳಿತ್ತು. ಮರುತಿಂಗಳೇ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಅಂಥ ಸರಕು ಯಾವ ಯಾವ ಊರಿನ ಬೀದಿ ದಾಟಿ ಬಂದಿತ್ತು ಅಂತ ಆ ಊರುಗಳಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಏನು ಕೇಳಬೇಕು

"ಟಿಪ್ಪರ್ ಹಾವಳಿ ತಪ್ಪಿಸಿ" ಅಂತ ಬರೆದರೆ ಅರ್ಜಿ ಮೂಲೆಗೆ ಹೋಗುತ್ತದೆ. ಒಂದೊಂದಾಗಿ, ಅಳತೆ ಸಮೇತ ಕೇಳಿ.

1. ಊರ ಒಳಗಿನ ರಸ್ತೆಯಲ್ಲಿ ಬೆಳಗ್ಗೆ 8ರಿಂದ 10, ಮಧ್ಯಾಹ್ನ 3.30ರಿಂದ ಸಂಜೆ 5.30ರವರೆಗೆ ಭಾರೀ ಸರಕು ವಾಹನ ಬೇಡ. ನಿಮ್ಮ ಶಾಲೆಯ ಹೊತ್ತಿಗೆ ತಕ್ಕಂತೆ ಬದಲಿಸಿಕೊಳ್ಳಿ.

2. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬೇಡ. ಶಬ್ದ ಮಾಲಿನ್ಯ ನಿಯಮಗಳು 2000ರಲ್ಲಿ ರಾತ್ರಿ ಅಂದರೆ ಇದೇ ಹೊತ್ತು. ವಸತಿ ಪ್ರದೇಶದಲ್ಲಿ ಆಗ 45 ಡೆಸಿಬಲ್ ಮಿತಿ.

3. ಊರ ಬಾಗಿಲಿನಿಂದ ಊರ ಬಾಗಿಲಿನವರೆಗೆ 20 ಕಿಲೋಮೀಟರ್ ವೇಗದ ಮಿತಿ, ಎರಡೂ ಕಡೆ ಬೋರ್ಡು, ಅಳತೆ ಪ್ರಕಾರ ಎಂಜಿನಿಯರ್ ಹಾಕಿಸಿದ, ಬಣ್ಣ ಬಳಿದ ಹಂಪ್.

4. ಟಾರ್ಪಾಲು ಇಲ್ಲದೆ, ತೂಕದ ಚೀಟಿ ಇಲ್ಲದೆ ಕ್ರಷರ್ ಗೇಟಿನಿಂದ ಗಾಡಿ ಹೊರಗೆ ಬಿಡಬಾರದು. ರಸ್ತೆಯಲ್ಲಿ ಹಿಡಿಯುವುದಕ್ಕಿಂತ ಗೇಟಿನಲ್ಲಿ ತೂಗುವುದು ಸುಲಭ.

5. ಸಾಗಣೆ ಪರ್ಮಿಟ್‌ನಲ್ಲಿ ದಾರಿ ಯಾವುದು ಅಂತ ಬರೆಯಬೇಕು. ಆ ದಾರಿಯ ನಕ್ಷೆ ಪಂಚಾಯ್ತಿ ಗೋಡೆ ಮೇಲೆ ಇರಬೇಕು.

6. ಊರ ಹೊರಗೆ ಕೆರೆ ಏರಿ ತಪ್ಪಿಸಿ ಬಳಸು ದಾರಿ ಮಾಡಲು ಆಗುವ ಕಡೆ, ಅದಕ್ಕೆ ಜಿಲ್ಲಾ ಖನಿಜ ನಿಧಿಯಿಂದ ದುಡ್ಡು. ಗಣಿಗಾರಿಕೆಯಿಂದ ತೊಂದರೆಗೊಳಗಾದ ಪ್ರದೇಶ, ಜನರಿಗಾಗಿಯೇ 2015ರಲ್ಲಿ ಕಾನೂನು ತಿದ್ದಿ ಮಾಡಿದ ನಿಧಿ ಅದು.

ಬೇರೆ ದಾರಿ ಇಲ್ಲವೇ ಇಲ್ಲ ಅನ್ನುವ ಊರುಗಳೂ ಇವೆ. ಅಲ್ಲಿ ಆರನೆಯದು ಆಗುವುದಿಲ್ಲ. ಮೊದಲ ಐದಕ್ಕೆ ಯಾವ ಹೊಸ ರಸ್ತೆಯೂ ಬೇಕಿಲ್ಲ.

ಹೇಗೆ ಕೇಳಬೇಕು

ಮೊದಲು ಗ್ರಾಮಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು. ಅಲ್ಲಿ ಈ ಆರು ಅಂಶ ಓದಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಪಿಡಿಒ ಅವರಿಂದ ಪ್ರತಿ ತೆಗೆದುಕೊಳ್ಳಿ. ಅದರ ಜೊತೆ ರಸ್ತೆಯ ಅಗಲ, ಶಾಲೆ, ಅಂಗನವಾಡಿ, ಡೈರಿ ಎಲ್ಲೆಲ್ಲಿವೆ ಅಂತ ಒಂದು ಕೈ ನಕ್ಷೆ ಇಡಿ. ಒಂದು ವಾರ ಶಾಲೆ ಹೊತ್ತಿನಲ್ಲಿ ಎಷ್ಟು ಟಿಪ್ಪರ್ ಹೋದವು ಅಂತ ಗೀಟು ಹಾಕಿ ಎಣಿಸಿ. ನಾವು ಎಣಿಸಿದ ದಿನ ನೋಟ್‌ಬುಕ್ಕಿನ ಪುಟ ತುಂಬಿತು. ಆದರೆ ನಮ್ಮ ಒಂದು ದಿನದ ಲೆಕ್ಕಕ್ಕಿಂತ ನಿಮ್ಮ ಏಳು ದಿನದ ಲೆಕ್ಕಕ್ಕೆ ಬೆಲೆ ಜಾಸ್ತಿ.

ಅರ್ಜಿ ಜಿಲ್ಲಾಧಿಕಾರಿಗೆ. ಕಲಂ 115, ನಿಯಮ 221ಎ(5) ಅಂತ ವಿಷಯದ ಸಾಲಿನಲ್ಲೇ ಬರೆಯಿರಿ. ಪ್ರತಿ ಎಸ್‌ಪಿ, ಆರ್‌ಟಿಒ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ರಸ್ತೆ ಯಾರದ್ದೋ ಆ ಎಂಜಿನಿಯರ್‌ಗೆ. ಟಪಾಲಿನಲ್ಲಿ ಸೀಲು ಹಾಕಿಸಿಕೊಂಡ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ.

ಜೊತೆಯಲ್ಲೇ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಬೇರೆ ಬೇರೆ ಹಾಕಿ: ಕ್ವಾರಿಯ ಪರಿಸರ ಅನುಮತಿಯ ಷರತ್ತುಗಳ ಪ್ರತಿ ಒಂದರಲ್ಲಿ, ಒಂದು ತಿಂಗಳ ಸಾಗಣೆ ಪರ್ಮಿಟ್‌ಗಳ ಸಂಖ್ಯೆ ಇನ್ನೊಂದರಲ್ಲಿ, ಓವರ್‌ಲೋಡ್‌ಗೆ ಹಾಕಿದ ದಂಡದ ವಿವರ ಮತ್ತೊಂದರಲ್ಲಿ.

ಹೆದರಿಕೆ ಇರುತ್ತದೆ, ಗೊತ್ತು. ಒಬ್ಬರೇ ಹೋಗಬೇಡಿ. ಸ್ತ್ರೀಶಕ್ತಿ ಸಂಘದವರು, ಡೈರಿಯ ನಿರ್ದೇಶಕರು, ಶಾಲೆಯ ಎಸ್‌ಡಿಎಂಸಿ ಎಲ್ಲರ ಸಹಿ ಇರಲಿ. ಟಿಪ್ಪರ್ ಇರುವ ಊರಿನವರನ್ನೂ ಕರೆದು ಕೂರಿಸಿ. ಅವರ ಮಕ್ಕಳೂ ಅದೇ ಬೀದಿಯಲ್ಲೇ ನಡೆಯೋದು. ಹೊತ್ತು ಎಲ್ಲರಿಗೂ ಒಂದೇ ಆದರೆ ಯಾವ ಓನರ್‌ಗೂ ಬೇರೆಯವನು ಮುಂದೆ ಹೋದ ಅನ್ನುವ ಚಿಂತೆ ಇರುವುದಿಲ್ಲ. ಡ್ರೈವರ್‌ಗೂ ಹೇಳಿಕೊಳ್ಳಲು ಒಂದು ಆದೇಶ ಸಿಗುತ್ತದೆ.

ಡೈರಿ ಮುಂದೆ ಸಿಕ್ಕ ಅಜ್ಜಿಗೆ ಈ ಕಲಂ, ನಿಯಮ ಎಲ್ಲ ಹೇಳಿದೆವು. ಪೂರ್ತಿ ಕೇಳಿಸಿಕೊಂಡರು. "ಅರ್ಜಿ ಬರ್ಕೊಡಿ, ಹೆಬ್ಬೆಟ್ಟು ಒತ್ತೋಳು ನಾನೇ ಮೊದಲು" ಅಂದರು. ಬರೆದುಕೊಟ್ಟಿದ್ದೇವೆ. ಅದರ ಮಾದರಿ ಬೇಕಿದ್ದವರು ನಮಗೆ ಮೆಸೇಜ್ ಮಾಡಿ, ಕಳಿಸುತ್ತೇವೆ. ನೀವು ಕೊಟ್ಟ ಅರ್ಜಿಯ ಸ್ವೀಕೃತಿಯ ಫೋಟೋ ನಮಗೆ ಕಳಿಸಿ. ಯಾವ ಊರು ಯಾವ ದಿನ ಕೊಟ್ಟಿತು, ಎಷ್ಟು ದಿನವಾದರೂ ಉತ್ತರ ಬಂದಿಲ್ಲ ಅಂತ ತಿಂಗಳು ತಿಂಗಳು ಇಲ್ಲಿ ಬರೆಯುತ್ತೇವೆ. ಈ ಸಲ 'ಯಾಕೆ' ಅನ್ನುವುದನ್ನು ಬಿಡುವುದಿಲ್ಲ.